ಒಂದು ಕಿಲೋ ಬೇಳೆ ಮಾಡಿದ ಕೆಲಸ

ಕೋಲಾರದ ಗಡಿ ದಾಟಿ ಆಂಧ್ರಕ್ಕೆ ಕಾಲಿಟ್ಟರೆ ಸಿಗುವುದು ಚಿತ್ತೂರು ಜಿಲ್ಲೆ. 2011ರಲ್ಲಿ ಆ ಜಿಲ್ಲೆಯ 14 ಹಳ್ಳಿಗಳಿಗೆ ಕೆಲವರು ಬಂದು, ಒಂದೊಂದು ಹಳ್ಳಿಯಲ್ಲೂ ಇಪ್ಪತ್ತು–ಇಪ್ಪತ್ತೈದು ಮನೆಗಳನ್ನು ಆರಿಸಿಕೊಂಡು ಕುಳಿತರು. ನೋಡುವುದು, ಎಣಿಸುವುದು, ಬರೆದುಕೊಳ್ಳುವುದು ಅವರ ಕೆಲಸ. ಶೌಚದಿಂದ ಬಂದ ಮೇಲೆ, ಮಗುವಿಗೆ ತೊಳೆಸಿದ ಮೇಲೆ, ಅಡುಗೆಗೆ ಕೈ ಹಾಕುವ ಮೊದಲು, ಊಟಕ್ಕೆ ಕೂರುವ ಮೊದಲು ಮನೆಯವರು ಸೋಪು ಹಚ್ಚಿ ಕೈ ತೊಳೆಯುತ್ತಾರೆಯೇ? ಲೆಕ್ಕ ಮುಗಿದಾಗ ಕಂಡದ್ದು, ನೂರು ಸಲಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ.

ಮನೆಯಲ್ಲಿ ಸೋಪು ಇರಲಿಲ್ಲವೇ? ಇತ್ತು. ಸ್ನಾನಕ್ಕೊಂದು, ಬಟ್ಟೆಗೊಂದು. ಕೈ ತೊಳೆಯದಿದ್ದರೆ ಕಾಯಿಲೆ ಬರುತ್ತದೆ ಎನ್ನುವುದೂ ಯಾರಿಗೂ ಹೊಸ ಸುದ್ದಿಯಲ್ಲ. ಶಾಲೆಯ ಗೋಡೆಯಿಂದ ಹಿಡಿದು ದೂರದರ್ಶನದವರೆಗೆ ಆ ಮಾತನ್ನು ಕೇಳದವರಿಲ್ಲ. ವಸ್ತುವೂ ಇದೆ, ತಿಳಿವಳಿಕೆಯೂ ಇದೆ, ಕೆಲಸ ಮಾತ್ರ ಆಗುತ್ತಿಲ್ಲ. ಆರೋಗ್ಯ ಇಲಾಖೆಗಳು, ಕೃಷಿ ಇಲಾಖೆಗಳು, ಸಂಚಾರ ಪೊಲೀಸರು, ಬ್ಯಾಂಕುಗಳು ಎಲ್ಲರೂ ಒಂದಲ್ಲ ಒಂದು ಬಾರಿ ಬಂದು ನಿಲ್ಲುವ ಜಾಗ ಇದು. ಅಲ್ಲಿ ನಿಂತ ಹೆಚ್ಚಿನವರು ಮಾಡುವುದು ಒಂದೇ: ಇನ್ನೊಂದು ಭಿತ್ತಿಪತ್ರ, ಇನ್ನೊಂದು ಜಾಥಾ, ಇನ್ನೊಂದು ಭಾಷಣ.

ಚಿತ್ತೂರಿಗೆ ಬಂದವರು ಬೇರೆ ದಾರಿ ಹಿಡಿದರು. ಲಂಡನ್ನಿನ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಜನ ಕೂಡಿದ್ದ ತಂಡ ಅದು. ತಂಡದಲ್ಲಿದ್ದ ವ್ಯಾಲ್ ಕರ್ಟಿಸ್ ತಮ್ಮ ಜೀವಮಾನದ ಬಹುಭಾಗವನ್ನು ಅಸಹ್ಯ ಎಂಬ ಒಂದೇ ಭಾವನೆಯ ಅಧ್ಯಯನಕ್ಕೆ ಕೊಟ್ಟವರು. ಮನುಷ್ಯ ರೋಗಾಣುವಿನ ಪಾಠ ಕಲಿಯುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ ‘ಛೀ’ ಎಂದು ಹಿಂದೆ ಸರಿಯುವುದನ್ನು ಕಲಿತಿದ್ದ, ಆ ‘ಛೀ’ಯೇ ಅವನನ್ನು ಕಾಯಿಲೆಗಳಿಂದ ಕಾಪಾಡಿಕೊಂಡು ಬಂದಿದೆ ಎನ್ನುವುದು ಅವರ ನಿಲುವು. ಹಾಗಾಗಿ ಚಿತ್ತೂರಿನ ಪ್ರಚಾರದಲ್ಲಿ ಕಾಯಿಲೆಯ ಮಾತೇ ಬರಲಿಲ್ಲ. ರೋಗಾಣುವಿಲ್ಲ, ಭೇದಿಯಿಲ್ಲ, ವೈದ್ಯರ ಎಚ್ಚರಿಕೆಯಿಲ್ಲ. ಬಂದದ್ದು ಇಬ್ಬರು: ಲಡ್ಡು ಲಿಂಗಂ ಮತ್ತು ಸೂಪರ್ ಅಮ್ಮ.

ಲಡ್ಡು ಲಿಂಗಂ ಕೊಳಕು ಕೈಯಲ್ಲೇ ಲಾಡು ಕಟ್ಟುವ ಆಸಾಮಿ. ಅವನು ಮಾಡಿದ ಲಾಡು ನೋಡಿ ಯಾರಿಗೆ ತಾನೇ ವಾಕರಿಕೆ ಬಾರದು! ಸೂಪರ್ ಅಮ್ಮ ಅವನಿಗೆ ತದ್ವಿರುದ್ಧ. ಹಳ್ಳಿಯ ಸಾಮಾನ್ಯ ತಾಯಿ, ಮಗನಿಗೆ ಒಳ್ಳೆಯ ನಡವಳಿಕೆಗಳನ್ನು ಕಲಿಸುತ್ತಾಳೆ. ಕೈ ತೊಳೆಯುವುದು ಅವುಗಳಲ್ಲಿ ಒಂದು. ಶಾಲೆಯಲ್ಲಿ, ಊರ ನಡುವೆ ಸಣ್ಣ ನಾಟಕಗಳು ನಡೆದವು, ಅನಿಮೇಷನ್ ಚಿತ್ರ ತೋರಿಸಿದರು, ನೆರೆಹೊರೆಯವರ ಎದುರೇ ಹೆಂಗಸರು ಕೈ ತೊಳೆಯುವ ಪ್ರತಿಜ್ಞೆ ಮಾಡಿದರು. ಒಬ್ಬಳೇ ಮನೆಯಲ್ಲಿ ಕೂತು ನಿರ್ಧಾರ ಮಾಡುವುದಕ್ಕೂ ಹತ್ತು ಜನರೆದುರು ಮಾತು ಕೊಡುವುದಕ್ಕೂ ಇರುವ ಅಂತರ ಹಳ್ಳಿಯಲ್ಲಿ ಬಾಳಿದವರಿಗೆ ಗೊತ್ತು.

14ರಲ್ಲಿ 7 ಹಳ್ಳಿಗಳಿಗೆ ಮಾತ್ರ ಈ ಪ್ರಚಾರ ಹೋಯಿತು, ಉಳಿದ 7 ಕಾದವು. ಆರು ವಾರಗಳ ನಂತರ ಎಣಿಸುವವರು ಮತ್ತೆ ಬಂದು ಮನೆಗಳಲ್ಲಿ ಕುಳಿತಾಗ, ಪ್ರಚಾರ ಕಂಡ ಹಳ್ಳಿಗಳಲ್ಲಿ ನೂರಕ್ಕೆ 19 ಸಲ ಸೋಪು ಬಳಕೆಯಾಗುತ್ತಿತ್ತು, ಕಾಣದ ಹಳ್ಳಿಗಳಲ್ಲಿ 4 ಸಲ. ಆರು ತಿಂಗಳಿಗೆ ಅದು 37 ಮತ್ತು 6 ಆಯಿತು. ಪ್ರಚಾರ ಮುಗಿದ ಮೇಲೂ ಅಂಕಿ ಏರಿದ್ದು ವಿಶೇಷ. ಕಾದಿದ್ದ ಹಳ್ಳಿಗಳಿಗೂ ಆಮೇಲೆ ಅದೇ ಪ್ರಚಾರವನ್ನು ಸ್ವಲ್ಪ ಕಿರಿದಾಗಿಸಿ ಒಯ್ದರು. ವರ್ಷದ ಕೊನೆಗೆ ಎರಡೂ ಕಡೆ 29. 2014ರಲ್ಲಿ ಈ ಫಲಿತಾಂಶ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನೂರಕ್ಕೆ 29 ಎಂದರೆ ಇನ್ನೂ 71 ಸಲ ಕೈ ತೊಳೆಯುತ್ತಿಲ್ಲ ಎಂದೇ ಅರ್ಥ. ಆದರೂ ಒಂದರಿಂದ ಹೊರಟು ಅಲ್ಲಿಗೆ ತಲುಪಿದ್ದು ಸಣ್ಣದಲ್ಲ.

ಜನರ ವರ್ತನೆ ಬದಲಾಗಬೇಕಾದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಹೀಗೆ ಎಣಿಸಿ, ಹೋಲಿಸಿ, ಪರೀಕ್ಷಿಸಿ ಕೇಳುವ ಶಾಸ್ತ್ರಕ್ಕೆ ವರ್ತನಾ ವಿಜ್ಞಾನ ಎಂದು ಹೆಸರು. ಮನಶ್ಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮೂರರ ನೀರೂ ಇದರಲ್ಲಿ ಹರಿಯುತ್ತದೆ. ಇದರ ಬೇರು ಸುಮಾರು ಎಂಬತ್ತು ವರ್ಷ ಹಿಂದಿನ ಅಮೆರಿಕದ ಅಡುಗೆಮನೆಗಳಲ್ಲಿದೆ.

ಎರಡನೇ ಮಹಾಯುದ್ಧದ ಕಾಲ. ಒಳ್ಳೆಯ ಮಾಂಸವೆಲ್ಲ ಸೈನಿಕರಿಗೆ ಹೋಗುತ್ತಿತ್ತು. ಊರಲ್ಲಿ ಉಳಿದವರು ದನದ ಗುಂಡಿಗೆ, ಮೂತ್ರಪಿಂಡಗಳಂಥ ಒಳಾಂಗಗಳನ್ನು ತಿನ್ನಲಿ ಎಂದು ಸರ್ಕಾರ ಬಯಸಿತು. ಅಮೆರಿಕದ ಗೃಹಿಣಿಯರಿಗೆ ಅವು ಬೇಡವಾಗಿದ್ದವು. ಜರ್ಮನಿಯಿಂದ ವಲಸೆ ಬಂದಿದ್ದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಆಗ ಅಯೋವಾದಲ್ಲಿದ್ದರು. ಅವರು ಗೃಹಿಣಿಯರ ಕೆಲವು ಗುಂಪುಗಳಿಗೆ ಸೊಗಸಾದ ಉಪನ್ಯಾಸ ಏರ್ಪಡಿಸಿದರು. ಜೀವಸತ್ವದ ಲೆಕ್ಕ, ದೇಶಸೇವೆಯ ಮಾತು, ಕೊನೆಗೆ ಅಡುಗೆ ಮಾಡುವ ವಿಧಾನದ ಹಾಳೆ ಎಲ್ಲ ಇತ್ತು. ಉಳಿದ ಗುಂಪುಗಳಿಗೆ ಉಪನ್ಯಾಸದ ಬದಲು ಒಂದು ಪ್ರಶ್ನೆ ಇಟ್ಟರು: ನಿಮ್ಮಂಥ ಗೃಹಿಣಿಯರಿಗೆ ಇದನ್ನು ಬೇಯಿಸಲು ಏನು ಅಡ್ಡಿಯಾಗಬಹುದು? ಗಂಡ ಮುಖ ಸಿಂಡರಿಸುತ್ತಾನೆ, ಬೇಯುವಾಗ ವಾಸನೆ ಬರುತ್ತದೆ ಎಂದು ಅವರೇ ಹೇಳಿಕೊಂಡರು, ಅವರೇ ಚರ್ಚಿಸಿದರು. ಕೊನೆಗೆ, ಮಾಡಿ ನೋಡುತ್ತೇವೆ ಎನ್ನುವವರು ಕೈ ಎತ್ತಿ ಎಂದರು. ಮುಂದೆ ವಿಚಾರಿಸಿದಾಗ ಉಪನ್ಯಾಸ ಕೇಳಿದವರಲ್ಲಿ ಶೇ 3ರಷ್ಟು ಮಂದಿ ಮಾತ್ರ ಹಿಂದೆಂದೂ ಮಾಡದ ಆ ಮಾಂಸವನ್ನು ಬಡಿಸಿದ್ದರು. ಚರ್ಚೆ ಮಾಡಿದವರಲ್ಲಿ ಶೇ 32.

ಲೆವಿನ್ ಇದಕ್ಕೆ ಕೊಟ್ಟ ವಿವರಣೆ ಇಂದಿಗೂ ಈ ಕ್ಷೇತ್ರದ ಅಡಿಗಲ್ಲು. ಒಬ್ಬ ಮನುಷ್ಯ ಈಗ ಮಾಡುತ್ತಿರುವುದು ಮುಂದಕ್ಕೆ ತಳ್ಳುವ ಬಲಗಳಿಗೂ ಹಿಂದಕ್ಕೆ ಹಿಡಿದಿಡುವ ಬಲಗಳಿಗೂ ನಡುವಿನ ಸಮತೋಲ. ಅವನನ್ನು ಕದಲಿಸಲು ಎರಡು ದಾರಿ. ಇನ್ನಷ್ಟು ತಳ್ಳಬಹುದು, ಆಗ ಎದುರುಬಲವೂ ಏರಿ ಅವನೊಳಗೆ ಒತ್ತಡ ಬೆಳೆಯುತ್ತದೆ. ಇಲ್ಲವೇ ಹಿಡಿದಿಟ್ಟದ್ದನ್ನು ಹುಡುಕಿ ಸಡಿಲಿಸಬಹುದು. ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟಿರುವಾಗ ಎತ್ತಿಗೆ ಚಾಟಿ ಬೀಸುವವರನ್ನು ಕಂಡರೆ ಯಾರಾದರೂ ಮೊದಲು ಕಲ್ಲು ತೆಗೆಯಿರಿ ಎನ್ನುತ್ತಾರೆ. ಮನುಷ್ಯರ ವಿಷಯದಲ್ಲಿ ಆ ಕಲ್ಲು ಕಣ್ಣಿಗೆ ಬೀಳುವುದಿಲ್ಲ, ಅದೇ ತೊಡಕು.

ಕಲ್ಲು ಎಲ್ಲಿದೆ ಎಂದು ಹುಡುಕಿದ ಪ್ರಯೋಗಗಳಲ್ಲಿ ರಾಜಸ್ಥಾನದ ಉದಯಪುರ ಜಿಲ್ಲೆಯದಕ್ಕೆ ವಿಶೇಷ ಸ್ಥಾನವಿದೆ. ಅಲ್ಲಿನ ಹಳ್ಳಿಗಳಲ್ಲಿ ಮಕ್ಕಳಿಗೆ ಎಲ್ಲ ಲಸಿಕೆಗಳೂ ಪೂರ್ತಿಯಾಗಿ ಬೀಳುತ್ತಿದ್ದದ್ದು ಬಹಳ ಅಪರೂಪ. ಜನ ಮೂಢನಂಬಿಕೆಯವರು, ಸೂಜಿ ಎಂದರೆ ಹೆದರುತ್ತಾರೆ ಎನ್ನುವುದು ಪೇಟೆಯವರ ಸುಲಭದ ಉತ್ತರವಾಗಿತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಸೇವಾ ಮಂದಿರ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆ ಸೇರಿ 134 ಹಳ್ಳಿಗಳನ್ನು ಮೂರು ಪಾಲು ಮಾಡಿದರು. ಒಂದು ಪಾಲಿನ ಹಳ್ಳಿಗಳಲ್ಲಿ ಪ್ರತಿ ತಿಂಗಳೂ ಗೊತ್ತುಪಡಿಸಿದ ದಿನ ತಪ್ಪದೆ ಲಸಿಕೆ ಶಿಬಿರ. ಇನ್ನೊಂದು ಪಾಲಿನಲ್ಲಿ ಅದೇ ಶಿಬಿರ, ಜೊತೆಗೆ ಪ್ರತಿ ಚುಚ್ಚುಮದ್ದಿಗೂ ತಾಯಿಯ ಕೈಗೆ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿದ ದಿನ ಊಟದ ತಟ್ಟೆಗಳ ಒಂದು ಸೆಟ್ಟು. ಮೂರನೆಯದು ಇದ್ದ ಹಾಗೆ.

ಇದ್ದ ಹಾಗೆ ಬಿಟ್ಟ ಹಳ್ಳಿಗಳಲ್ಲಿ ಶೇ 6ರಷ್ಟು ಮಕ್ಕಳಿಗೆ ಪೂರ್ತಿ ಲಸಿಕೆ ಆಗಿತ್ತು. ಶಿಬಿರ ಮಾತ್ರ ನಡೆದ ಕಡೆ ಶೇ 18. ಬೇಳೆ ಕೊಟ್ಟ ಕಡೆ ಶೇ 39.

ಈ ಮೂರು ಅಂಕಿಗಳ ಮಧ್ಯೆ ಒಂದು ಕಥೆಯಿದೆ. ಆರರಿಂದ ಹದಿನೆಂಟಕ್ಕೆ ಏರಿದ್ದು ಏಕೆ? ಉಪಕೇಂದ್ರಕ್ಕೆ ಮಗುವನ್ನು ಎತ್ತಿಕೊಂಡು ಹೋದರೆ ಬಾಗಿಲು ಹಾಕಿರುವುದು ಆ ಭಾಗದಲ್ಲಿ ಮಾಮೂಲಾಗಿತ್ತು. ಒಂದು ದಿನದ ಕೂಲಿ ಬಿಟ್ಟು ಹೋದ ತಾಯಿ ಎರಡನೇ ಸಲ ಹೋಗುತ್ತಾಳೆಯೇ? ಶಿಬಿರ ಹೇಳಿದ ದಿನ ಹೇಳಿದ ಜಾಗದಲ್ಲಿ ನಡೆಯತೊಡಗಿದಾಗ ಆ ಕಲ್ಲು ಸರಿಯಿತು. ಅಲ್ಲಿಂದ ಮೂವತ್ತೊಂಬತ್ತಕ್ಕೆ ಏರಿದ್ದು ಇನ್ನೂ ಕುತೂಹಲದ ಸಂಗತಿ. ಒಂದಾದರೂ ಚುಚ್ಚುಮದ್ದು ಹಾಕಿಸಿದ ಮಕ್ಕಳನ್ನು ಎಣಿಸಿದರೆ, ಬೇಳೆ ಕೊಟ್ಟ ಹಳ್ಳಿಗೂ ಕೊಡದ ಹಳ್ಳಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಕಂಡದ್ದು ಮೂರನೆಯ, ನಾಲ್ಕನೆಯ, ಐದನೆಯ ಬಾರಿಗೆ. ಅಂದರೆ ತಾಯಂದಿರಿಗೆ ಲಸಿಕೆಯ ಮೇಲೆ ವಿರೋಧವೇನೂ ಇರಲಿಲ್ಲ. ಮಗು ಆರೋಗ್ಯವಾಗಿ ಆಡಿಕೊಂಡಿದೆ, ಚುಚ್ಚಿಸಿದರೆ ರಾತ್ರಿಯೆಲ್ಲ ಜ್ವರ, ಅಳು. ಲಾಭ ಕಾಣುವುದು ಯಾವತ್ತೋ, ಅದೂ ಬಾರದೇ ಹೋದ ಕಾಯಿಲೆಯ ರೂಪದಲ್ಲಿ. ಮುಂದಿನ ತಿಂಗಳು ನೋಡೋಣ ಎಂದುಕೊಳ್ಳುವುದು ಸಹಜ. ಒಂದು ಕಿಲೋ ಬೇಳೆ ಆ ‘ಮುಂದಿನ ತಿಂಗಳ’ನ್ನು ‘ಇವತ್ತು’ ಮಾಡಿತು. ಲಸಿಕೆಯನ್ನು ನಿಜವಾಗಿ ದ್ವೇಷಿಸುವ ತಾಯಿ ಒಂದು ಕಿಲೋ ಬೇಳೆಗೆ ಮನಸ್ಸು ಬದಲಿಸುತ್ತಿದ್ದಳೇ?

ಬೇಳೆ ಕೊಟ್ಟರೆ ಖರ್ಚು ಹೆಚ್ಚು ಎಂಬ ಆಕ್ಷೇಪಣೆಗೂ ಅಲ್ಲೇ ಉತ್ತರ ಸಿಕ್ಕಿತು. ದಾದಿಯ ದಿನದ ಸಂಬಳ, ಓಡಾಟದ ಖರ್ಚು ಹತ್ತು ಮಕ್ಕಳು ಬಂದರೂ ಅಷ್ಟೇ, ಮೂವತ್ತು ಬಂದರೂ ಅಷ್ಟೇ. ಪೂರ್ತಿ ಲಸಿಕೆ ಪಡೆದ ಒಂದು ಮಗುವಿಗೆ ಬಿದ್ದ ಖರ್ಚು ಬೇಳೆ ಕೊಟ್ಟ ಕಡೆ, ಕೊಡದ ಕಡೆಗಿಂತ ಅರ್ಧದಷ್ಟಾಯಿತು. ಬ್ಯಾನರ್ಜಿ, ಡುಫ್ಲೊ ಇಬ್ಬರಿಗೂ ಮೈಕೆಲ್ ಕ್ರೆಮರ್ ಜೊತೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇಂಥ ಹಳ್ಳಿಮಟ್ಟದ ಪ್ರಯೋಗಗಳಿಗಾಗಿಯೇ.

ಹಾಗಿದ್ದರೆ ಎಲ್ಲ ಊರಿಗೂ ಬೇಳೆ ಹಂಚಿದರೆ ಮುಗಿಯಿತೇ? ಇಲ್ಲ. ವರ್ತನಾ ವಿಜ್ಞಾನವನ್ನು ಅರ್ಧಂಬರ್ಧ ಕಲಿತವರು ಎಡವುವುದು ಇಲ್ಲಿಯೇ. ಒಂದು ಕಡೆ ಫಲಿಸಿದ ಉಪಾಯವನ್ನು ಮದ್ದಿನ ಚೀಟಿಯ ಹಾಗೆ ಹೊತ್ತುಕೊಂಡು ಇನ್ನೊಂದು ಕಡೆಗೆ ಹೋಗುತ್ತಾರೆ. ರೋಗ ಯಾವುದು ಎಂದು ನೋಡುವ ಮೊದಲು ಮದ್ದು ಕೊಡುವ ಈ ಅಭ್ಯಾಸಕ್ಕೆ ತಡೆ ಹಾಕಲು ಲಂಡನ್ನಿನ ಸೂಸನ್ ಮಿಕಿ ಮತ್ತು ಸಂಗಡಿಗರು 2011ರಲ್ಲಿ ಒಂದು ಚೌಕಟ್ಟು ರೂಪಿಸಿದರು. ಅದುವರೆಗೆ ಬಂದಿದ್ದ 19 ಚೌಕಟ್ಟುಗಳನ್ನು ಸೋಸಿ ತೆಗೆದ ಸಾರ ಅದು. ಅದರ ನಡುವಿನ ಮಾದರಿಗೆ ಕಾಮ್–ಬಿ ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ಒಂದು ಕೆಲಸ ಆಗಬೇಕಾದರೆ ಕೈಲಾಗಬೇಕು, ಅನುಕೂಲವಿರಬೇಕು, ಮನಸ್ಸಾಗಬೇಕು. ಮೂರರಲ್ಲಿ ಯಾವುದು ಇಲ್ಲವೆಂದು ಮೊದಲು ತಿಳಿ, ಆಮೇಲೆ ಮದ್ದು ಹುಡುಕು. ಅನುಕೂಲವೇ ಇಲ್ಲದ ಕಡೆ ಪ್ರೇರಣೆಯ ಭಾಷಣ ಮಾಡಿದರೆ ಕೇಳುವವರಿಗೆ ಸಿಟ್ಟು ಬರುತ್ತದೆ. ಮನಸ್ಸೇ ಇಲ್ಲದ ಕಡೆ ಕಟ್ಟಡ ಕಟ್ಟಿಕೊಟ್ಟರೆ ಅದರಲ್ಲಿ ಸೌದೆ ತುಂಬುತ್ತಾರೆ.

ಸೌದೆ ತುಂಬಿದ ಶೌಚಾಲಯಗಳನ್ನು ಯಾರು ನೋಡಿಲ್ಲ? 2014ರಲ್ಲಿ ಉತ್ತರ ಭಾರತದ ಐದು ರಾಜ್ಯಗಳಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ, ಬಳಸಬಹುದಾದ ಶೌಚಾಲಯವಿದ್ದ ಮನೆಗಳಲ್ಲೂ ಶೇ 40ಕ್ಕಿಂತ ಹೆಚ್ಚು ಕಡೆ ಒಬ್ಬರಾದರೂ ಬಯಲಿಗೇ ಹೋಗುತ್ತಿದ್ದರು. ಕಾರಣ ಹುಡುಕಿದ ಡಯೇನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ ಅವರಿಗೆ ಸಿಕ್ಕಿದ್ದು ಬಡತನವೂ ಅಲ್ಲ, ನೀರಿನ ಕೊರತೆಯೂ ಅಲ್ಲ; ಗುಂಡಿ. ಸರ್ಕಾರ ಹೇಳುವುದು ಚಿಕ್ಕ ಜೋಡಿಗುಂಡಿಯ ಶೌಚಾಲಯ. ಒಂದು ತುಂಬಿದರೆ ಮುಚ್ಚಿ ಇನ್ನೊಂದನ್ನು ಬಳಸುವುದು, ಮುಚ್ಚಿದ್ದು ಕಾಲಕ್ರಮೇಣ ಕಳಿತು ಗೊಬ್ಬರವಾದ ಮೇಲೆ ತೆಗೆಯುವುದು. ವಿಜ್ಞಾನದ ಪ್ರಕಾರ ಅದರಲ್ಲಿ ಅಪಾಯವಿಲ್ಲ. ಆದರೆ ತೆಗೆಯುವವರು ಯಾರು? ಆ ಪ್ರಶ್ನೆ ಬಂದ ಕೂಡಲೇ ಜಾತಿ ಎದುರು ಬಂದು ನಿಲ್ಲುತ್ತದೆ. ಸಾವಿರಾರು ವರ್ಷ ಒಂದು ಸಮುದಾಯದ ತಲೆಯ ಮೇಲೆ ಹೊರಿಸಿದ ಕೆಲಸವನ್ನು ಮನೆಯ ಯಜಮಾನ ತಾನು ಮಾಡಲೊಲ್ಲ. ಆ ಸಮುದಾಯದವರು, ಅತ್ಯಂತ ನ್ಯಾಯವಾಗಿ, ಇನ್ನು ತಾವೂ ಮಾಡಲೊಲ್ಲರು. ಹಾಗಾಗಿ ಕಟ್ಟಿಸಿದರೆ ತಲೆಮಾರಿಗಾಗುವಷ್ಟು ದೊಡ್ಡ ಗುಂಡಿಯೇ ಬೇಕು. ಅಷ್ಟು ದುಡ್ಡಿಲ್ಲದಿದ್ದರೆ ಬಯಲೇ ಮೇಲು, ಇಲ್ಲವೇ ಚಿಕ್ಕ ಗುಂಡಿ ತುಂಬದ ಹಾಗೆ ಮನೆಯ ಮುದುಕರು, ಹೆಂಗಸರಷ್ಟೇ ಬಳಸುವುದು.

ಈ ಮಾತನ್ನು ಕರ್ನಾಟಕದವರು ದೂರದ ಉತ್ತರದ ಸುದ್ದಿಯೆಂದು ಓದಿ ಮಡಚಿಡುವಂತಿಲ್ಲ. ಮಲ ಹೊರುವ ಪದ್ಧತಿಯ ವಿರುದ್ಧ ದೇಶವನ್ನೇ ಎಚ್ಚರಿಸಿದ ಬೆಜವಾಡ ವಿಲ್ಸನ್ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯಲ್ಲಿ, ಆ ಕೆಲಸವನ್ನೇ ಮಾಡುತ್ತಿದ್ದ ಕುಟುಂಬದಲ್ಲಿ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಗೋಡೆಯ ಮೇಲೆ ‘ಶೌಚಾಲಯ ಕಟ್ಟಿ’ ಎಂದು ಬರೆಯುವವರು ಈ ಚರಿತ್ರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬಣ್ಣ ವ್ಯರ್ಥ. ವರ್ತನೆ ಎನ್ನುವುದು ಒಬ್ಬರ ತಲೆಯೊಳಗಿನ ಅಭ್ಯಾಸ ಮಾತ್ರವಲ್ಲ, ಸಮಾಜ ಕಟ್ಟಿಟ್ಟ ಅನ್ಯಾಯದ ನೆರಳೂ ಹೌದು.

ಇನ್ನು ಕೆಲವು ತೊಡಕುಗಳು ಅಷ್ಟು ಆಳದವಲ್ಲ, ಕಣ್ಣಿನವು. ಮುಂಬೈನ ಲೋಕಲ್ ರೈಲು ಹಳಿ ದಾಟಲು ಹೋಗಿ ಜನ ಸಾಯುವುದನ್ನು ತಡೆಯಲು ಫಲಕ, ದಂಡ ಎಲ್ಲ ಇದ್ದವು. ವಡಾಲಾ ನಿಲ್ದಾಣದ ಬಳಿ ಫೈನಲ್‌ಮೈಲ್ ಎಂಬ ತಂಡ 2010ರ ಹೊತ್ತಿಗೆ ಹಳಿಯ ಬದಿಯಲ್ಲಿ ನಿಂತು ಗಮನಿಸಿ, ಜನ ಸಾವಿಗೆ ಹೆದರದೆ ದಾಟುತ್ತಿಲ್ಲ, ರೈಲಿನ ವೇಗವನ್ನು ತಪ್ಪಾಗಿ ಅಂದಾಜು ಮಾಡುತ್ತಿದ್ದಾರೆ ಎಂದು ಕಂಡುಕೊಂಡಿತು. ದೊಡ್ಡ ವಸ್ತು ನಿಜಕ್ಕಿಂತ ನಿಧಾನವಾಗಿ ಬರುವಂತೆ ಕಾಣುವುದು ಮನುಷ್ಯನ ಕಣ್ಣಿನ ದೋಷ. ಹಳಿಯಡಿಯ ಸ್ಲೀಪರುಗಳ ಕೆಲವು ಸಾಲುಗಳಿಗೆ ಎದ್ದು ಕಾಣುವ ಹಳದಿ ಬಳಿದರು. ರೈಲು ಅವನ್ನು ನುಂಗುತ್ತ ಬರುವಾಗ ವೇಗ ಕಣ್ಣಿಗೆ ತಿಳಿಯುತ್ತದೆ. ಒಂದು ಉದ್ದನೆಯ ಸೀಟಿಯ ಬದಲು ಎರಡು ಗಿಡ್ಡ ಸೀಟಿ. ಜೊತೆಗೆ, ರೈಲಿನಡಿ ಸಿಗಲಿರುವವನ ಭಯಗೊಂಡ ಮುಖದ ಚಿತ್ರ. ಬಣ್ಣದ ಡಬ್ಬಿಯಷ್ಟೇ ಖರ್ಚು.

ಬೆಂಗಳೂರಿನಲ್ಲೂ ಇಂಥದೊಂದು ಪರೀಕ್ಷೆ ನಡೆದಿದೆ, ಅದು ಇಲ್ಲಿಯವರಿಗೇ ಮರೆತುಹೋಗಿರಬಹುದು. 2008ರ ಅಕ್ಟೋಬರ್. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಇನ್ನೂ ಆಗಿಲ್ಲದ ಕಾಲ, ಹೊಸೂರು ರಸ್ತೆಯ ಬೆಳಗು ನೆನಪಿರುವವರು ಈಗಲೂ ನಿಟ್ಟುಸಿರು ಬಿಡುತ್ತಾರೆ. ಸ್ಟ್ಯಾನ್‌ಫರ್ಡಿನ ಪ್ರೊಫೆಸರ್ ಬಾಲಾಜಿ ಪ್ರಭಾಕರ್ ಇನ್ಫೋಸಿಸ್ ಜೊತೆ ಸೇರಿ ಒಂದು ಯೋಜನೆ ಹಾಕಿದರು. ಎಂಟೂವರೆಯೊಳಗೆ ಕಚೇರಿ ತಲುಪಿದವರಿಗೆ ಅಂಕ, ಎಂಟಕ್ಕಿಂತ ಮೊದಲೇ ಬಂದರೆ ಇನ್ನೂ ಹೆಚ್ಚು ಅಂಕ. ಅಂಕ ಗಳಿಸಿದವರ ಹೆಸರು ವಾರದ ಲಾಟರಿಗೆ. ವಾರಕ್ಕೆ ಒಟ್ಟು 96,000 ರೂಪಾಯಿ, ದೊಡ್ಡ ಬಹುಮಾನ 12,000. ಅದನ್ನೇ ಎಲ್ಲರಿಗೂ ಸಮನಾಗಿ ಹಂಚಿದ್ದರೆ ತಲೆಗೆ ಬರುತ್ತಿದ್ದದ್ದು ಕಾಫಿ ಕಾಸು, ಅದಕ್ಕಾಗಿ ಯಾರೂ ಬೇಗ ಏಳುತ್ತಿರಲಿಲ್ಲ. ಲಾಟರಿಯ ಆಸೆ ಎಬ್ಬಿಸಿತು. ಆರು ತಿಂಗಳಲ್ಲಿ ಬೇಗ ಬರುವವರ ಸಂಖ್ಯೆ ಇಮ್ಮಡಿಯಾಯಿತು, ಬಸ್ಸಿನಲ್ಲಿ ಬರುವ ನೌಕರರ ಬೆಳಗಿನ ಸರಾಸರಿ ಪ್ರಯಾಣ 71 ನಿಮಿಷದಿಂದ 54ಕ್ಕೆ ಇಳಿಯಿತು.

ಇಷ್ಟಕ್ಕೇ ಬೆಂಗಳೂರಿನ ಸಂಚಾರ ಸಮಸ್ಯೆಗೆ ಪರಿಹಾರ ಸಿಕ್ಕಿತೆಂದು ಕುಣಿಯುವುದು ಬೇಡ. ಗೇಬ್ರಿಯಲ್ ಕ್ರೈಂಡ್ಲರ್ ಎಂಬ ಅರ್ಥಶಾಸ್ತ್ರಜ್ಞ ಅದೇ ಊರಲ್ಲಿ ಮೊಬೈಲ್ ಆ್ಯಪಿನ ಮೂಲಕ ವಾಹನ ಸವಾರರನ್ನು ಹಿಂಬಾಲಿಸಿ, ದಟ್ಟಣೆಯ ಹೊತ್ತಿಗೆ ದರ ಹಾಕಿ ನೋಡಿದರು. ಜನ ಹೊರಡುವ ವೇಳೆಯನ್ನು ಬದಲಿಸಿದ್ದು ನಿಜ. ಆದರೆ ಇಡೀ ನಗರಕ್ಕೆ ಅದನ್ನು ಹಬ್ಬಿಸಿದರೆ ಸಿಗುವ ಲಾಭ ಕಡಿಮೆಯೇ ಎಂದು ಅವರ ಲೆಕ್ಕ ಹೇಳಿತು. ಒಂದು ಕಂಪನಿಯ ಬಸ್ಸಿಗೆ ಒಪ್ಪುವ ಮಾತು ಇಡೀ ಊರಿಗೆ ಒಪ್ಪಬೇಕೆಂದಿಲ್ಲ.

ಕರ್ನಾಟಕದ ಹಳ್ಳಿಗಳು ಈ ಶಾಸ್ತ್ರಕ್ಕೆ ಕೊಟ್ಟ ಕೊಡುಗೆ ಬೆಂಗಳೂರಿನದಕ್ಕಿಂತ ದೊಡ್ಡದು. ಹೊಸ ವಿಷಯವೊಂದನ್ನು ಊರಿಗೆಲ್ಲ ಮುಟ್ಟಿಸಬೇಕಾದರೆ ಮೊದಲು ಯಾರ ಕಿವಿಗೆ ಹಾಕಬೇಕು? ಅಧಿಕಾರಿಗಳ ರೂಢಿ ಪಂಚಾಯ್ತಿ ಅಧ್ಯಕ್ಷರು, ಮೇಷ್ಟ್ರು, ಊರ ಹಿರಿಯರು. ಬ್ಯಾನರ್ಜಿ, ಡುಫ್ಲೊ, ಅರುಣ್ ಚಂದ್ರಶೇಖರ್ ಮತ್ತು ಮ್ಯಾಥ್ಯೂ ಜಾಕ್ಸನ್ ನಮ್ಮ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ನಂಟಿನ ನಕ್ಷೆ ಬರೆದಿದ್ದರು. ಯಾರ ಮನೆಗೆ ಹೋಗಿಬರುತ್ತೀರಿ, ಅಕ್ಕಿ, ಸೀಮೆಎಣ್ಣೆ ಯಾರಲ್ಲಿ ಕಡ ಕೇಳುತ್ತೀರಿ, ದೇವಸ್ಥಾನಕ್ಕೆ ಯಾರ ಜೊತೆ ಹೋಗುತ್ತೀರಿ ಎಂದೆಲ್ಲ ಕೇಳಿ ಬರೆದ ನಕ್ಷೆ. ಅದರ ಜೊತೆ ಇನ್ನೊಂದು ಸರಳ ಪ್ರಶ್ನೆಯನ್ನೂ ಕೇಳಿದರು: ಒಂದು ಸುದ್ದಿ ಊರಿಗೆಲ್ಲ ಹರಡಬೇಕಾದರೆ ಯಾರಿಗೆ ಹೇಳಬೇಕು? ಜನ ಹೇಳಿದ ಹೆಸರುಗಳು ನಕ್ಷೆಯ ನಟ್ಟನಡುವೆ ಇದ್ದವರದೇ ಆಗಿದ್ದವು. ತಿಂಗಳುಗಟ್ಟಲೆ ನಕ್ಷೆ ಬರೆಯುವ ಶ್ರಮವೇ ಬೇಕಿಲ್ಲ, ಊರವರನ್ನು ಕೇಳಿದರೆ ಸಾಕು.

ಮುಂದೆ ರಾಜ್ಯದ 213 ಹಳ್ಳಿಗಳಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಮೊಬೈಲ್ ಫೋನೋ ಸ್ವಲ್ಪ ನಗದೋ ಬಹುಮಾನ ಬರುತ್ತದೆ ಎಂಬ ಸುದ್ದಿಯನ್ನು ಕೆಲವೇ ಜನರ ಕಿವಿಗೆ ಹಾಕಿ ಬಿಟ್ಟರು. ಕೆಲವು ಹಳ್ಳಿಗಳಲ್ಲಿ ಚೀಟಿ ಎತ್ತಿದಂತೆ ಸುಮ್ಮನೆ ಆರಿಸಿದವರಿಗೆ, ಕೆಲವದರಲ್ಲಿ ಹಿರಿಯರಿಗೆ, ಉಳಿದವುಗಳಲ್ಲಿ ಸುದ್ದಿ ಹಬ್ಬಿಸುವವರೆಂದು ಊರವರೇ ಹೆಸರಿಸಿದವರಿಗೆ. ಹೆಚ್ಚು ಕರೆ ಬಂದದ್ದು ಈ ಕೊನೆಯ ಹಳ್ಳಿಗಳಿಂದ. ಹಿರಿಯರಿಗೆ ಹೇಳಿದ್ದು ಯಾರೋ ಒಬ್ಬರಿಗೆ ಹೇಳಿದ್ದಕ್ಕಿಂತ ಹೆಚ್ಚು ದೂರ ಹೋಗಲಿಲ್ಲ. ಅದೇ ಉಪಾಯವನ್ನು ಹರಿಯಾಣದ 521 ಹಳ್ಳಿಗಳಲ್ಲಿ ಲಸಿಕೆ ಶಿಬಿರದ ಸುದ್ದಿಗೆ ಬಳಸಿದಾಗ, ಊರವರು ಹೆಸರಿಸಿದವರಿಗೆ ಸುದ್ದಿ ಮುಟ್ಟಿಸಿದ ಹಳ್ಳಿಗಳಲ್ಲಿ ತಿಂಗಳಿಗೆ ಲಸಿಕೆ ಪಡೆಯುವ ಮಕ್ಕಳ ಸಂಖ್ಯೆ ಶೇ 22ರಷ್ಟು ಹೆಚ್ಚಾಯಿತು. ಹಟ್ಟಿಯ ಜಗಲಿಯ ಮೇಲೆ ಕೂತು ಹತ್ತು ಮನೆಯ ಸುದ್ದಿ ಬಲ್ಲ ಹೆಂಗಸಿಗೆ ‘ಬಾಯಿಬಡುಕಿ’ ಎಂಬ ಬೈಗುಳ ಬಿಟ್ಟು ಬೇರೆ ಪದವಿ ಸಮಾಜ ಕೊಟ್ಟಿರಲಿಲ್ಲ. ಎಷ್ಟೋ ಮಕ್ಕಳ ಆರೋಗ್ಯ ಆ ಬಾಯಿಯಿಂದಲೇ ನಡೆದೀತು ಎಂದು ಅಂಕಿಅಂಶ ಹೇಳುತ್ತಿದೆ.

ಎಡವಿದ ಕಥೆಗಳೂ ಇವೆ, ಅವನ್ನು ಹೇಳದೆ ಈ ಶಾಸ್ತ್ರದ ಪರಿಚಯ ಪೂರ್ತಿಯಾಗದು. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಸಂಜೆ ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಯರಿಗೆ ದಂಡ ಹಾಕಿದರು. ತಡ ಕಡಿಮೆಯಾಗುವ ಬದಲು ಸುಮಾರು ಇಮ್ಮಡಿಯಾಯಿತು. ಶಿಕ್ಷಕಿಯನ್ನು ಕಾಯಿಸಿದೆನಲ್ಲ ಎಂಬ ನಾಚಿಕೆ ಅದುವರೆಗೆ ಅವರನ್ನು ಓಡಿಸಿಕೊಂಡು ಬರುತ್ತಿತ್ತು. ದಂಡ ಬಂದ ಮೇಲೆ ಅದು ಕೊಟ್ಟು ಕೊಳ್ಳುವ ವ್ಯವಹಾರವಾಯಿತು. ದಂಡ ತೆಗೆದ ಮೇಲೂ ನಾಚಿಕೆ ಮರಳಲಿಲ್ಲ.

ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ 2008ರಲ್ಲಿ ನಡ್ಜ್ ಎಂಬ ಪುಸ್ತಕ ಬರೆದ ಮೇಲೆ ಈ ಕ್ಷೇತ್ರಕ್ಕೆ ದೊಡ್ಡ ಹೆಸರು ಬಂತು. ಬಲವಂತವಿಲ್ಲದೆ, ಮೊಣಕೈಯಿಂದ ಮೆಲ್ಲಗೆ ತಿವಿದು ಎಚ್ಚರಿಸುವ ಹಾಗೆ ಜನರನ್ನು ಒಳ್ಳೆಯ ಆಯ್ಕೆಯ ಕಡೆ ತಿರುಗಿಸುವುದು ಅದರ ತಿರುಳು. 2010ರಲ್ಲಿ ಬ್ರಿಟನ್ ಸರ್ಕಾರ ಇದಕ್ಕಾಗಿಯೇ ಒಂದು ಘಟಕ ತೆರೆಯಿತು, ಬೇರೆ ದೇಶಗಳೂ ಹಿಂಬಾಲಿಸಿದವು. ಅದರ ನಿಜವಾದ ಫಲ ಎಷ್ಟು ಎಂದು ಸ್ಟೆಫಾನೊ ಡೆಲ್ಲಾವಿಗ್ನಾ ಮತ್ತು ಎಲಿಜಬೆತ್ ಲಿನೋಸ್ ಅಮೆರಿಕದ ಎರಡು ಘಟಕಗಳ 126 ಪ್ರಯೋಗಗಳನ್ನು ಕೂಡಿಸಿ ನೋಡಿದರು. ಒಟ್ಟು 2.3 ಕೋಟಿ ಜನ ಅವುಗಳಲ್ಲಿದ್ದರು. ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾದ ಪ್ರಯೋಗಗಳು ಸರಾಸರಿ 8.7 ಶೇಕಡಾ ಅಂಶದಷ್ಟು ಬದಲಾವಣೆ ತೋರಿಸಿದ್ದರೆ, ಈ ಘಟಕಗಳ ಪ್ರಯೋಗಗಳು ತೋರಿಸಿದ್ದು 1.4. ಗೆದ್ದ ಪ್ರಯೋಗ ಅಚ್ಚಾಗುತ್ತದೆ, ಸೋತದ್ದು ಕಪಾಟಿನಲ್ಲೇ ಉಳಿಯುತ್ತದೆ ಎನ್ನುವುದು ಆ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಕಾರಣ. ಒಂದು ಪತ್ರದ ಖರ್ಚಿನಲ್ಲಿ ಬಂದ 1.4 ತೆಗೆದುಹಾಕುವಂಥದ್ದಲ್ಲ. ಪವಾಡವಂತೂ ಅಲ್ಲ.

ಇದೇ ಅಸ್ತ್ರ ಬೇರೆಯವರ ಕೈಯಲ್ಲೂ ಇದೆ. ಆನ್‌ಲೈನ್ ಅಂಗಡಿಯಲ್ಲಿ ಕೇಳದ ವಸ್ತು ಬುಟ್ಟಿಗೆ ತಾನಾಗಿ ಸೇರಿಕೊಳ್ಳುವುದು, ಚಂದಾ ರದ್ದು ಮಾಡುವ ಗುಂಡಿ ಹತ್ತು ಪುಟಗಳ ಹಿಂದೆ ಅಡಗಿರುವುದು, ‘ಬೇಡ’ ಎಂದು ಒತ್ತಿದರೆ ನಾಚಿಕೆಪಡಿಸುವ ಮಾತು ಮೂಡುವುದು, ಇವೆಲ್ಲ ಅದೇ ಮನಶ್ಶಾಸ್ತ್ರದಿಂದ ಹುಟ್ಟಿದವು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಇಂಥ 13 ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ತಿವಿಸಿಕೊಂಡವರಿಗೆ ತಿವಿದದ್ದು ಗೊತ್ತಾದಾಗ ಅವರು ಒಪ್ಪುವರೇ ಎಂಬುದೇ ಒಳ್ಳೆಯ ತಿವಿತವನ್ನೂ ಇಂಥ ತಂತ್ರವನ್ನೂ ಬೇರ್ಪಡಿಸುವ ಗೆರೆ. ಉದಯಪುರದ ತಾಯಿಗೆ ಬೇಳೆ ಏಕೆ ಕೊಡುತ್ತಿದ್ದಾರೆಂದು ಚೆನ್ನಾಗಿ ಗೊತ್ತಿತ್ತು.

ಈಗ ಇದನ್ನೆಲ್ಲ ನಮ್ಮ ಮನೆಯಂಗಳಕ್ಕೆ ತಂದು ನೋಡಬಹುದು. ದೇಶದ ಗರ್ಭಿಣಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಸರ್ಕಾರ ಕಬ್ಬಿಣಾಂಶದ ಮಾತ್ರೆಯನ್ನು ಉಚಿತವಾಗಿ ಕೊಡುತ್ತದೆ, ದಿನಕ್ಕೊಂದರಂತೆ 180 ದಿನ. ಮಾತ್ರೆ ಮನೆಗೆ ಬರುತ್ತದೆ, ಹೊಟ್ಟೆಗೆ ಹೋಗುವುದಿಲ್ಲ. ‘ತಗೋತಾ ಇದೀಯೇನಮ್ಮ?’ ಎಂದು ಆಶಾ ಕಾರ್ಯಕರ್ತೆ ಕೇಳಿದರೆ ‘ತಗೋತಾ ಇದೀನಿ ಅಕ್ಕಾ’ ಎಂದೇ ಉತ್ತರ. ಅದರಿಂದ ಇಬ್ಬರಿಗೂ ಏನೂ ತಿಳಿಯುವುದಿಲ್ಲ. ‘ಮಾತ್ರೆ ಎಲ್ಲಿಟ್ಟಿದೀಯ, ತೋರಿಸು. ಹೋದ ವಾರ ಯಾವತ್ತು ತಪ್ಪಿತು, ಅವತ್ತು ಏನಾಗಿತ್ತು?’ ಎಂದು ಪಕ್ಕದಲ್ಲಿ ಕೂತು ಕೇಳಿದರೆ ಮಾತು ಬೇರೆಯೇ ಹೊರಡುತ್ತದೆ.

ಒಂದು ಮನೆಯಲ್ಲಿ, ಮಲ ಕಪ್ಪಗೆ ಹೋಗುವುದನ್ನು ಕಂಡು ಹೆದರಿ ನಿಲ್ಲಿಸಿದ್ದಾಳೆ. ಅದು ಮಾತ್ರೆಯ ಸಹಜ ಗುಣವೆಂದು ಮೊದಲ ದಿನವೇ ಯಾರೂ ಹೇಳಿರಲಿಲ್ಲ. ಇನ್ನೊಂದರಲ್ಲಿ, ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗಿ ವಾಂತಿಯಾಗಿದೆ. ರಾತ್ರಿ ಊಟದ ಮೇಲೆ ಎಂದರೆ ಸಾಕು. ಮತ್ತೊಂದರಲ್ಲಿ, ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತು ಎಂದು ಅತ್ತೆ ಬೇಡವೆಂದಿದ್ದಾರೆ. ಅಲ್ಲಿ ಮಾತಾಡಬೇಕಾದ್ದು ಸೊಸೆಯ ಜೊತೆ ಅಲ್ಲ. ಇನ್ನೊಬ್ಬಳು ಕಾಫಿಯ ಜೊತೆಗೇ ನುಂಗುತ್ತಾಳೆ, ಒಂದು ದಿನವೂ ತಪ್ಪಿಸಿಲ್ಲ, ಆದರೆ ಕಾಫಿ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುತ್ತಿಲ್ಲ. ಐದನೆಯವಳ ಮಾತ್ರೆಯ ಪಟ್ಟಿ ಬೀರುವಿನೊಳಗೆ, ತಾಯಿ ಕಾರ್ಡಿನ ಮಡಿಕೆಯಲ್ಲಿ ಜೋಪಾನವಾಗಿದೆ. ಅದನ್ನು ಎತ್ತಿ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಇಟ್ಟು ಬರುವುದೇ ಆವತ್ತಿನ ಕೆಲಸ.